ನಾಯಿಗಳ ಲೆಕ್ಕ

ಬೀದಿನಾಯಿ ಕಾಲಿನ ಮೀನಖಂಡಕ್ಕೆ ಬಾಯಿ ಹಾಕಿದ ಮೇಲೆ ಸುಗುಣಾಂಬ ಟೀಚರು ಸುಮ್ಮನೆ ಕೂರಲಿಲ್ಲ. ಊರಿನ ಎಷ್ಟು ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿದ್ದೀರಿ ಎಂದು ಮಾಹಿತಿ ಹಕ್ಕಿನಡಿ ಪುರಸಭೆಗೆ ಅರ್ಜಿ ಹಾಕಿದರು. ‘ನಾಯಿಗಳ ಖಾಸಗಿ ವಿಷಯವಾದ್ದರಿಂದ ಕೊಡಲಾಗದು’ ಎಂದು ಮಾಹಿತಿ ಅಧಿಕಾರಿ ಬರೆದು ಕಳಿಸಿದರು. ಟೀಚರು ಬಿಡುತ್ತಾರೆಯೇ? ಮೇಲಧಿಕಾರಿಗೆ ಮೇಲ್ಮನವಿ ಗುಜರಾಯಿಸಿದರು.

ವಿಚಾರಣೆಯ ದಿನ ಕುಂಟುತ್ತ ಮೇಲಧಿಕಾರಿಯ ಕೋಣೆಗೆ ಹೋದರೆ, ಟವೆಲ್ ಹೊದಿಸಿದ ದೊಡ್ಡ ಕುರ್ಚಿಯಲ್ಲಿ ಅದೇ ಮಾಹಿತಿ ಅಧಿಕಾರಿ ಕೂತಿದ್ದರು!

“ಸಾಹೇಬ್ರಿಗೆ ವರ್ಗ ಆಯ್ತು. ಈಗ ಇದರ ಪ್ರಭಾರಾನೂ ನಂದೇ,” ಎಂದು ಕಡತ ಬಿಡಿಸಿ ಓದಿದವರ ಮುಖ ಕೆಂಪೇರಿತು. “ನಾಯಿಗೆ ಎಂಥ ಖಾಸಗಿ ವಿಷಯ ರೀ? ಯಾವ ತಲೆಕೆಟ್ಟೋನು ಹಿಂಗೆ ಬರ್ದಿದ್ದು?”

“ನೀವೇ ಸಾರ್.”

“ಆ ಸೀಟಲ್ಲಿ ಕೂತೋರೆಲ್ಲ ಹಿಂಗೇ ಮೇಡಂ. ಜನ ಅಂದ್ರೆ ಅವರಿಗೆ ಕಾಲಕಸ!” ಎನ್ನುತ್ತ ‘ಇವತ್ತೇ ಮಾಹಿತಿ ಕೊಡತಕ್ಕದ್ದು, ತಪ್ಪಿದಲ್ಲಿ ಶಿಸ್ತುಕ್ರಮ’ ಎಂದು ಆದೇಶ ಬರೆದು, ಮೊಹರು ಒತ್ತಿ ಕೈಗಿತ್ತರು.

ಟೀಚರಿಗೆ ಕಣ್ಣು ತುಂಬಿ ಬಂತು. “ನಿಮ್ಮಂಥೋರು ಇರೋದಕ್ಕೇ ಸಾರ್, ಮಳೆ ಬೆಳೆ ಆಗ್ತಿರೋದು.”

ಆದೇಶ ಹಿಡಿದು ಪಕ್ಕದ ಕೋಣೆಗೆ ಹೋಗಿ, ಮಾಹಿತಿ ಅಧಿಕಾರಿಯ ಮೇಜಿನ ಮುಂದೆ ನಿಂತರು. ಹಿಂದೆಯೇ ಬಂದ ಅದೇ ಸಾಹೇಬರು ಕಿರುಗುಟ್ಟುವ ಮರದ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, ಆದೇಶವನ್ನು ಎರಡೆರಡು ಸಲ ಓದಿ, ನಿಟ್ಟುಸಿರಿಟ್ಟು ಹಿಂದಕ್ಕೆ ತಳ್ಳಿದರು.

“ಮೇಲೆ ಕೂತೋರಿಗೇನಮ್ಮ, ಬಾಯಿಗೆ ಬಂದಂಗೆ ಆರ್ಡರ್ ಮಾಡ್ತಾರೆ! ಕೆಳಗೆ ಕೂತೋರ ಕಷ್ಟ ಅವರಿಗೇನು ಗೊತ್ತು?”