ಶರತ್‌ಗೆ ಮೊದಲ ಕಂತು

"ಪಾಸ್‌ವರ್ಡ್ ಕೊಡಲ್ಲ," ಎಂದ ರವಿಕುಮಾರ್, ಮೊಬೈಲ್ ಕವರುಗಳನ್ನು ಒಂದರ ಮೇಲೊಂದು ಜೋಡಿಸುತ್ತಾ. "ಬೇರೆ ಏನಾದ್ರೂ ಕೇಳು."

ಅರಸೀಕೆರೆ ಬಸ್ ಸ್ಟ್ಯಾಂಡಿನ ಎದುರಿಗಿನ ಅವನ ಮೊಬೈಲ್ ಅಂಗಡಿಯಲ್ಲಿ ನಯನಾ ಅರ್ಧ ಗಂಟೆಯಿಂದ ನಿಂತಿದ್ದಳು. ಹಳೇಬೀಡಿನಿಂದ ಜಾವಗಲ್ ಮೇಲೆ ಬರುವ ಬಸ್ಸಿನಲ್ಲೂ ನಿಂತೇ ಬಂದಿದ್ದಳು. ಅಷ್ಟೆಲ್ಲ ಮಾಡಿ ಬಂದವಳಿಗೆ ಈ ಮಾತು. ಕೋಪ ಬರಬೇಕಿತ್ತು, ಬರಲಿಲ್ಲ. ಈಚೆಗೆ ಅವಳಿಗೆ ಯಾವುದೂ ಸರಿಯಾಗಿ ಬರುತ್ತಿರಲಿಲ್ಲ.

"ನನಗಲ್ಲ ರವಿಯಣ್ಣ, ಶರತ್‌ಗೆ. ಇವತ್ತೇ ಆಗ್ಬೇಕು."

"ಅವನಿಗೆ ಅಂತಾನೇ ಕೊಡಲ್ಲ ಅಂತಿರೋದು."

ಜಗಳವೆಲ್ಲ ಒಂದು ಧಾರಾವಾಹಿಯದು. 'ಬೂದಿಗಡಿ' ಅಂತ. ಮೊದಲು ಆರು ಪುಸ್ತಕ, ಆಮೇಲೆ ಕಂಪ್ಯೂಟರ್ ಗೇಮ್, ಈಗ ಕನ್ನಡ ಡಬ್ಬಿಂಗ್ ಸಮೇತ ಟಿವಿಗೆ. ನಯನಾಳ ಅಣ್ಣ ಶರತ್‌ಚಂದ್ರ ಓದಿದ ಭರಕ್ಕೆ ಆರೂ ಪುಸ್ತಕಗಳ ಹೊಲಿಗೆ ಬಿಟ್ಟಿತ್ತು. ಗೇಮನ್ನು ನಾಲ್ಕು ಸಲ ಮುಗಿಸಿದ್ದ. ಡಿಪ್ಲೊಮಾ ಓದುವಾಗ ಜೊತೆಗಿದ್ದ ರವಿಕುಮಾರನಿಗೂ ಆ ಹುಚ್ಚು ಹತ್ತಿಸಿ, ಇಬ್ಬರೂ ಸೇರಿ ಅಭಿಮಾನಿಗಳ ವಾಟ್ಸಾಪ್ ಗ್ರೂಪ್ ಕಟ್ಟಿದ್ದರು. ಧಾರಾವಾಹಿ ಬರುವ ಆ್ಯಪ್‌ನಲ್ಲಿ ಖಾತೆ ರವಿಕುಮಾರನದು. ಅದರೊಳಗೆ ಶರತ್ ಹೆಸರಿಗೊಂದು ಬೇರೆ ಪ್ರೊಫೈಲು. 'ಬೂದಿಗಡಿ' ಟಿವಿಗೆ ಬರುತ್ತದೆ ಎಂಬ ಸುದ್ದಿ ಹೊರಬಿದ್ದ ದಿನವೇ ಶರತ್ ಅದನ್ನು ಅಲ್ಲಿ ತನ್ನ ಪಟ್ಟಿಗೆ ಸೇರಿಸಿಟ್ಟಿದ್ದ. ಬಂದ ದಿನ ಕೆಲಸಕ್ಕೆ ರಜ ಹಾಕುತ್ತೇನೆ ಎಂದು ಮನೆಯವರೆಲ್ಲರ ತಲೆ ತಿಂದಿದ್ದ.

ಹೋದ ಶುಕ್ರವಾರ ಬಂತು. ಬಂದದ್ದೇ ತಡ, ಅಭಿಮಾನಿಗಳು ಮುಗಿಬಿದ್ದರು. ನಾಯಕಿ ಇಲ್ವಾರಳಿಗೆ ಪುಸ್ತಕದಲ್ಲಿ ಒಂದೇ ಕಣ್ಣು. ಟಿವಿಯವರು ಎರಡೂ ಕೊಟ್ಟಿದ್ದರು. ದೋಣಿಯಲ್ಲಿ ನಡೆಯುವ ಇಡೀ ಅಧ್ಯಾಯ ಮಾಯ. ಗೇಮಿನಲ್ಲಿ ಕೊನೆಯವರೆಗೂ ಜೊತೆಗಿರುವ ಮುದುಕ ಮೊದಲ ಕಂತಿನಲ್ಲೇ ಖಲಾಸ್. ಗ್ರೂಪಿನಲ್ಲಿ ಬೈಗುಳದ ಸುರಿಮಳೆ. ಎಲ್ಲರಿಗಿಂತ ಜೋರು ರವಿಕುಮಾರನದೇ. ಕೊನೆಗೆ ಬಹಿಷ್ಕಾರವೂ ಆಯಿತು. ಮೂವತ್ತೊಂದು ಜನರಲ್ಲಿ ಮೂವತ್ತು ಜನ 'ನೋಡೋದಿಲ್ಲ' ಎಂದು ಬರೆದರು. ಶರತ್ ಮಾತ್ರ ಬರೆಯಲಿಲ್ಲ. ಅದಕ್ಕೆ ಯಾರೂ ಅವನನ್ನು ಏನೂ ಅನ್ನಲಿಲ್ಲ.

ಅಷ್ಟನ್ನೂ ನಯನಾ ಶರತ್‌ನ ಫೋನಿನಲ್ಲೇ ಓದಿದ್ದಳು. ಎಲ್ಲಾದರೂ ಒಂದು ಒಳ್ಳೆಯ ಮಾತು ಸಿಗುತ್ತದೇನೋ ಎಂದು ಹುಡುಕಿದ್ದಳು. ಸಿಗಲಿಲ್ಲ.

"ಎಂಟು ವರ್ಷ ಕಾದಿದ್ದ ಕಣಮ್ಮ," ಎಂದ ರವಿಕುಮಾರ್. "ಇದನ್ನ ತೋರಿಸಿ ಅವನ ಹೊಟ್ಟೆ ಉರಿಸ್ಲಾ?"

ಅಷ್ಟರಲ್ಲಿ ನಯನಾಳ ಫೋನು ಬಡಿದುಕೊಂಡಿತು. ಅಮ್ಮ ಬೀರಮ್ಮ. ಅವಳ ದನಿಗೆ ಸ್ಪೀಕರಿನ ಅಗತ್ಯವೇ ಇರಲಿಲ್ಲ.

"ಸಿಕ್ತೇನೆ? ಕಜ್ಜಾಯ ಆಯ್ತು, ಮಟನ್ ಬೇಯ್ತಾ ಐತೆ. ಹೊಸ ಶರ್ಟೂ ತಂದು ಮಡಗಿವ್ನಿ. ಅದೊಂದೇ ಬಾಕಿ."

"ಚೆನ್ನಾಗಿಲ್ವಂತೆ ಕಣಮ್ಮ. ರವಿಯಣ್ಣ ಬೇಡ ಅಂತವ್ನೆ."

ಆ ಕಡೆ ಬೀರಮ್ಮ ಎಣ್ಣೆಗೆ ವಡೆ ಬಿಟ್ಟ ಸದ್ದು ಕೇಳಿಸಿತು.

"ಹಂಗಾರೆ ಬ್ಯಾಡ ಬಿಡು. ವರ್ಷಕ್ಕೊಂದ್ಸಲ ಬರೋನು. ಮನ್ಸಿಗೆ ಹಿಡೀದಿದ್ದು ಕಂಡ್ರೆ ಹಸ್ಕಂಡೇ ಎದ್ದೋಯ್ತಾನೆ. ಅವ್ನ ಬುದ್ಧಿ ಗೊತ್ತಲ್ಲ."

ಫೋನು ಕಟ್ಟಾಯಿತು. ರವಿಕುಮಾರ್ ಕವರು ಜೋಡಿಸುವುದನ್ನು ಬಿಟ್ಟಿದ್ದ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಗೊತ್ತಿದ್ದರೂ ಒಮ್ಮೆ ಬಾಗಿಲ ಕಡೆ ನೋಡಿದ.

"ಗ್ರೂಪಿನೋರಿಗೆ ಹೇಳ್ಬೇಡ. ನಾನು ನೋಡ್ದೆ."

"ಯಾವಾಗ?"

"ಬಂದ ದಿನಾನೇ. ಮೊದಲನೇ ಕಂತು. ಎರಡು ಸಲ."

"ಹೆಂಗೈತೆ?"

"ಚೆನ್ನಾಗೈತೆ." ಕದ್ದದ್ದನ್ನು ಒಪ್ಪಿಕೊಳ್ಳುವವನ ಹಾಗೆ ಹೇಳಿದ. "ಎರಡು ಕಣ್ಣಿದ್ರೂ ಅವಳೇ ಇಲ್ವಾರ. ಗಡಿ ಗೋಡೆ ಮೇಲೆ ಒಬ್ಳೇ ನಿಂತ್ಕೊಂತಾಳಲ್ಲ, ನಾವು ಅಂದ್ಕೊಂಡಿದ್ದಂಗೇ ಐತೆ."

"ಮತ್ತೆ ಗ್ರೂಪಲ್ಲಿ ಬಾಯಿಗೆ ಬಂದಂಗೆ ಬೈದ್ಯಲ್ಲ?"

"ಎಲ್ಲಾರೂ ಬೈತಿದ್ರು, ಬೈದೆ. ಚೆನ್ನಾಗೈತೆ ಅಂತ ಯಾರ ಹತ್ರ ಹೇಳ್ಕೊಳ್ಲಿ?"

ಶರತ್ ಹತ್ತಿರ ಎನ್ನುವ ಮಾತು ನಯನಾಳ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು. ರವಿಕುಮಾರನಿಗೂ ಅದು ಗೊತ್ತಿತ್ತು.

"ಪಾಸ್‌ವರ್ಡ್ ಏನೂ ಬೇಡ, ನಾನೇ ಬತ್ತೀನಿ," ಎಂದು ರವಿಕುಮಾರ್ ಅಂಗಡಿಯ ಶಟರ್ ಎಳೆದ.

ಹಳೇಬೀಡು ಮುಟ್ಟುವಾಗ ಹೊತ್ತು ಇಳಿದಿತ್ತು. ರವಿಕುಮಾರ್ ಕಾಲು ತೊಳೆದುಕೊಂಡು ನೇರ ಟಿವಿಯ ಮುಂದೆ ಹೋದ. ಪಾಸ್‌ವರ್ಡ್ ಒತ್ತಿದ, ಶರತ್ ಹೆಸರಿನ ಪ್ರೊಫೈಲು ತೆರೆದ. ಪಟ್ಟಿಯಲ್ಲಿ ಮೊದಲಿಗೇ 'ಬೂದಿಗಡಿ' ಇತ್ತು. ಅವನ ಬೆರಳು ಅಲ್ಲೇ ನಿಂತಿತು. ನಯನಾ ಪಕ್ಕದಲ್ಲಿ ನಿಂತು ನೋಡಿದಳು. ದುಃಖವೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ.

ಬೀರಮ್ಮ ಬಾಳೆ ಎಲೆ ಹಾಸಿದಳು. ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಮಡಿಸಿದ ಶರ್ಟು, ಹೋದ ವರ್ಷದ ಅಳತೆಯದೇ.

"ಚೆನ್ನಾಗೈತೆ ತಾನೆ ರವಿ? ನಿಜ ಹೇಳಪ್ಪ."

"ಚೆನ್ನಾಗೈತೆ ಅಮ್ಮ. ಅವನಿಗೆ ಹಿಡಿಸ್ತದೆ."

"ಹಂಗಾರೆ ಸೌಂಡು ಒಸಿ ಜಾಸ್ತಿ ಮಡಗು."

ಅವನು ಸೌಂಡು ಏರಿಸಿದ. ರಿಮೋಟನ್ನು ಎಲೆಯ ಬಲಗಡೆ ಇಟ್ಟ. ಆಮೇಲೆ ತಡೆಯಲಾರದೆ ಕೇಳಿದ:

"ನಾನೂ ಇಲ್ಲೇ ಕೂತ್ಕೊಳ್ಲಾ ಅಮ್ಮ? ಒಟ್ಟಿಗೆ ನೋಡಣ ಅಂದಿದ್ದ."

"ಬ್ಯಾಡ ಕಣಪ್ಪ. ಅವ್ನು ಉಣ್ಣೋವಾಗ ನಾವು ಇರಂಗಿಲ್ಲ. ಆಚೆ ನಡೀರಿ."

ಮೂವರೂ ಹೊರಗೆ ಬಂದರು. ಬೀರಮ್ಮ ಬಾಗಿಲು ಮುಂದಕ್ಕೆ ಎಳೆದುಕೊಂಡಳು.

ಒಳಗೆ, ಮಹಾಲಯ ಅಮಾವಾಸ್ಯೆಯ ಎಡೆಯ ಹಿಂದೆ, ತೀರಿಕೊಂಡು ಎರಡು ವರ್ಷವಾದ ಶರತ್‌ಚಂದ್ರನ ಫೋಟೊ ಎದುರಿಗೆ ಮೊದಲ ಕಂತು ಶುರುವಾಯಿತು.