ಎರಡನೇ ಸಲ ನೋಡಿದ ನಕ್ಷತ್ರ

"ಆ ನಕ್ಷತ್ರ ಒಂಟಿ ಅಲ್ಲ ಕಣೇ, ಜೋಡಿ," ಎಂದ ಯೋರಿಟ್. ಚಿಲಿಯ ದೂರದರ್ಶಕದಿಂದ ಆಗಷ್ಟೇ ಬಂದ ಅಳತೆ ಅವನ ಫೋನಿನಲ್ಲಿತ್ತು. ಡಾಕ್ಟರೇಟ್ ಪರೀಕ್ಷೆಯಲ್ಲಿ ಪದ್ಧತಿಯಂತೆ ವೀಟ್ಸ್ಕೆಯ ಪಕ್ಕ ಬೆಂಬಲದ ಗೆಳೆಯನಾಗಿ ನಿಲ್ಲಲು ಕರಿ ಕೋಟು ತೊಟ್ಟು ಬಂದಿದ್ದ ಅವನ ಮುಖವೂ ಕಪ್ಪಿಟ್ಟಿತ್ತು.

ಒಂದು ಕುಬ್ಜ ಗೆಲಾಕ್ಸಿಯ ಬೆರಳೆಣಿಕೆಯಷ್ಟು ನಕ್ಷತ್ರಗಳ ಮೇಲೆ ಅವಳ ಪ್ರಬಂಧ ನಿಂತಿತ್ತು. ಅವು ಎಷ್ಟು ಜೋರಾಗಿ ಓಡುತ್ತವೋ ಅವನ್ನು ಹಿಡಿದಿಟ್ಟಿರುವ, ಕಣ್ಣಿಗೆ ಕಾಣದ ಕಪ್ಪು ದ್ರವ್ಯವೂ ಅಷ್ಟು ಹೆಚ್ಚು ಎಂಬುದು ಲೆಕ್ಕ. ಒಂದು ನಕ್ಷತ್ರವಂತೂ ಎಲ್ಲವನ್ನೂ ಮೀರಿ ಓಡುತ್ತಿತ್ತು. ಈಗ ನೋಡಿದರೆ, ಹಾಳಾದ್ದು, ಅದು ಅಷ್ಟು ಓಡುತ್ತಿದ್ದದ್ದು ಪಕ್ಕದಲ್ಲೇ ಇದ್ದ ತನ್ನ ಜೊತೆಗಾರ ನಕ್ಷತ್ರವನ್ನು ಸುತ್ತುವುದಕ್ಕೇ!

"ಅದನ್ನ ತೆಗೆದ್ರೆ ಏನುಳಿಯುತ್ತೆ?" ಎಂದು ಕೇಳಿದಳು ವೀಟ್ಸ್ಕೆ.

"ಏನೂ ಉಳಿಯಲ್ಲ. ಆ ಗೆಲಾಕ್ಸೀಲಿ ಕಪ್ಪು ದ್ರವ್ಯ ಇದೆ ಅನ್ನೋಕೇ ಆಗಲ್ಲ."

ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು ಮಾರ್ಗದರ್ಶಕ ಸೀಬ್ರೆನ್. ನಿಲುವಂಗಿಯ ತೋಳು ಸರಿಮಾಡಿಕೊಳ್ಳುತ್ತ ಒಳಗೆ ಬಂದರು.

"ಇನ್ನೊಂದು ವರ್ಷ ಆ ನಕ್ಷತ್ರ ನೋಡೋಣ ಅಂತ ನಾನು ಬಡ್ಕೊಂಡೆ, ಸೀಬ್ರೆನ್," ಎಂದಳು ವೀಟ್ಸ್ಕೆ.

"ಈಗ ಅದೆಲ್ಲ ಯಾಕಮ್ಮ? ಪ್ರಬಂಧದ ಪುಸ್ತಕ ಅಚ್ಚಾಗಿ ಎಲ್ಲರ ಕೈಲಿದೆ. ಮ್ಯೂನಿಕ್‌ನಲ್ಲಿ ಕೆಲಸ ಕಾಯ್ತಿದೆ. ನಿಮ್ಮಮ್ಮ ಊರಿಂದ ಸಕ್ಕರೆ ಬ್ರೆಡ್ಡು ಕಟ್ಕೊಂಡು ಬಂದು ಮುಂದಿನ ಸಾಲಲ್ಲೇ ಕೂತಿದಾರೆ. ಬಾಯಿ ಮುಚ್ಕೊಂಡಿರು. ಮುಂದಿನ ವರ್ಷ ತಿದ್ದುಪಡಿ ಬರೆದ್ರಾಯ್ತು."

"ಅಂದ್ರೆ ಯಾವತ್ತೂ ಇಲ್ಲ ಅಂತ," ಎಂದ ಯೋರಿಟ್.

"ಯಾರಾದ್ರೂ ಕೇಳಿದ್ರೆ ನಾನು ಹೇಳೇ ಹೇಳ್ತೀನಿ," ಎಂದಳು ವೀಟ್ಸ್ಕೆ. ಹಾಗೆ ಅಂದದ್ದೇ ಅವಳಿಗೆ ಜೀವ ಬಂದಂತಾಯಿತು. ಯಾರೂ ಕೇಳದಿರಲಿ ಎಂದು ಒಳಗೊಳಗೇ ಬೇಡಿಕೊಂಡದ್ದು ಮಾತ್ರ ಅವಳಿಗೊಬ್ಬಳಿಗೇ ಗೊತ್ತು.

ಸಭಾಂಗಣದಲ್ಲಿ ಪ್ರಶ್ನೆಗಳೆಲ್ಲ ಸುಲಭವಾಗಿಯೇ ಬಂದವು. ಕೊನೆಗೆ ಪರವೂರಿನಿಂದ ಬಂದಿದ್ದ ಮುದುಕಿ ಪರೀಕ್ಷಕಿ ಕನ್ನಡಕ ಏರಿಸಿಕೊಂಡು ಪುಸ್ತಕ ತೆರೆದಳು. "ಈ ನಕ್ಷತ್ರ ಇಷ್ಟು ಜೋರಾಗಿ ಓಡ್ತಿದೆಯಲ್ಲ, ಇದನ್ನ ಇನ್ನೊಂದ್ಸಲ ನೋಡಿದೀರಾ?"

ವೀಟ್ಸ್ಕೆ ಪಕ್ಕದಲ್ಲಿದ್ದ ಯೋರಿಟ್‌ನತ್ತ ಒಮ್ಮೆ ನೋಡಿದಳು. "ಪುಸ್ತಕ ಅಚ್ಚಿಗೆ ಹೋಗೋ ಹೊತ್ತಿಗೆ ಒಂದೇ ಸಲ ನೋಡಿದ್ವಿ. ಆದರೆ..."

ಅಷ್ಟರಲ್ಲಿ ಬಾಗಿಲು ತೆರೆದು ಸಮಾರಂಭದ ದಂಡಧಾರಿ ಒಳಬಂದಳು. ಬೆಳ್ಳಿಯ ಕೋಲು ನೆಲಕ್ಕೆ ಕುಟ್ಟಿ ಹೊತ್ತಾಯಿತೆಂದು ಲ್ಯಾಟಿನ್ನಿನಲ್ಲಿ ಸಾರಿದಳು. ಉತ್ತರ ಅರ್ಧದಲ್ಲಿದ್ದರೂ ಅಲ್ಲಿಗೆ ಪರೀಕ್ಷೆ ಮುಗಿದಂತೆ. ಅದು ಆ ವಿಶ್ವವಿದ್ಯಾಲಯದ ಪದ್ಧತಿ. ಆದರೂ ಪರೀಕ್ಷಾ ಮಂಡಳಿಯ ಅಧ್ಯಕ್ಷರು ಸೌಜನ್ಯಕ್ಕೆ ಹೇಳಿದರು: "ಬೇಕಿದ್ರೆ ಮಾತು ಮುಗಿಸಬಹುದು."

ಅಮ್ಮ ಮುಂದಿನ ಸಾಲಿನಲ್ಲಿ ಕರವಸ್ತ್ರ ಹಿಂಡುತ್ತ ಕೂತಿದ್ದಳು.

"ಬೇಡ," ಎಂದಳು ವೀಟ್ಸ್ಕೆ. "ಅಷ್ಟೇ."

ಪರೀಕ್ಷಕರು ಒಳಕೋಣೆಗೆ ಹೋಗಿ ಮಾತಾಡಿಕೊಂಡು ಬಂದರು. ಪದವಿ ಕೊಡುವ ಮುನ್ನ ಪ್ರಮಾಣ ಮಾಡಿಸುವುದು ಮಾರ್ಗದರ್ಶಕರ ಕೆಲಸ. ಸೀಬ್ರೆನ್ ಎದ್ದು ನಿಂತು, ಅವಳ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು: "ನನ್ನ ವಿದ್ಯೆಯಲ್ಲಿ ಪ್ರಾಮಾಣಿಕಳಾಗಿ ನಡೆಯುತ್ತೇನೆ, ಯಾವುದನ್ನೂ ಮರೆಮಾಚುವುದಿಲ್ಲ ಎಂದು ಮಾತು ಕೊಡುತ್ತೀಯಾ?"

ಯೋರಿಟ್ ತಲೆ ತಗ್ಗಿಸಿದ.

"ಮಾತು ಕೊಡುತ್ತೇನೆ," ಎಂದಳು ವೀಟ್ಸ್ಕೆ. ತನ್ನ ದನಿ ಒಂದಿಷ್ಟೂ ನಡುಗಲಿಲ್ಲವಲ್ಲ ಎಂದು ಅವಳಿಗೆ ಆಗಲೇ ಭಯವಾದದ್ದು.