ಉಲ್ಟಾ ಅಂಗಿ

"ನಿಮ್ಮ ಮಗಳು ಸಣ್ಣಾಕಿದ್ದಾಗ ಹೆಂಗಿದ್ಲರಿ?" ಎಂದು ಕೊಪ್ಪಳದ ಡಾಕ್ಟರಮ್ಮ ಕೇಳಿದಾಗ ಹೇಮಾವತಿ ಪಕ್ಕದಲ್ಲಿ ಕೂತಿದ್ದ ಅವ್ವ ಫಕೀರಮ್ಮನ ಮುಖ ನೋಡಿದಳು. ಊರವರು ಅವಳನ್ನು ಮಳ್ಳಿ ಎಂದು ಕರೆದೇ ಮುಗಿಸಿದ್ದರು. ತನಗಿರುವುದು ಆಟಿಸಂ ಹೌದೋ ಅಲ್ಲವೋ ಎಂದು ಮೂವತ್ಮೂರನೇ ವಯಸ್ಸಿಗೆ ತಿಳಿಯಬೇಕಾದರೆ ಅವ್ವ ಬಾಯಿಬಿಡಬೇಕಿತ್ತು. ಯಲಬುರ್ಗಾದಿಂದ ಬಸ್ಸಿನ ದಾರಿಯುದ್ದಕ್ಕೂ ಅವ್ವನದು ಒಂದೇ ಮಾತು: "ನಿನಗೇನೂ ಆಗಿಲ್ಲ."

"ಛಲೋನ ಇದ್ಲರಿ," ಎಂದಳು ಫಕೀರಮ್ಮ. ಹೇಮಾವತಿ ತಲೆ ತಗ್ಗಿಸಿದಳು. ಅವ್ವ ಸೆರಗು ಸರಿಮಾಡಿಕೊಂಡು ಮುಂದುವರಿಸಿದಳು. "ಅಂಗಿ ಹೊಲಿಗಿ ಮೈಗೆ ತಾಕಿದ್ರ ಮಾತ್ರ ಚೀರಿ ಚೀರಿ ಅಳತಿದ್ಲು. ಅದಕ್ಕ ಒಳಮಗ್ಗಲ ಹೊರಗ ಮಾಡಿ ತೊಡಿಸಿ ಸಾಲಿಗೆ ಕಳಸತಿದ್ದೆ. 'ಅಂಗಿ ತೊಡಸಾಕೂ ಬರಂಗಿಲ್ಲೇನ ನಿನಗ?' ಅಂತ ಮಾಸ್ತರ ನನಗ ಬೈದ್ರು. ಬರಂಗಿಲ್ರಿ ಅಂದೆ."

ಡಾಕ್ಟರಮ್ಮ ಅದನ್ನೆಲ್ಲ ಬರೆದುಕೊಂಡರು. ಹೇಮಾವತಿಗೆ ಒಂದನೇ ತರಗತಿಯ ಆ ಬೆಳಗುಗಳು ನೆನಪಾದವು: ಹೊಸ್ತಿಲ ಬಿಸಿಲು, ಒಲೆಯ ಹೊಗೆ ನಾರುವ ಅವ್ವನ ಕೈ, ಒಂದೊಂದೇ ಗುಂಡಿ. ಉಲ್ಟಾ ಅಂಗಿ ಕಂಡು ಇಡೀ ಸಾಲಿ ನಕ್ಕಿತ್ತು. ಅಂಗಿ ತೊಡಿಸುವ ಖಬರೂ ಅವ್ವನಿಗಿಲ್ಲ ಎಂದೇ ಹೇಮಾವತಿ ಇಷ್ಟು ವರ್ಷ ಸಿಟ್ಟು ಇಟ್ಟುಕೊಂಡಿದ್ದಳು.

"ನನಗ್ಯಾಕ ಹೇಳಲಿಲ್ಲಬೇ?"

"ಏನ ಹೇಳೂದು? ನೀ ಅಳೂದು ನಿಂತಿತ್ತಲ್ಲ."